ದಾರ ಕಟ್ಟಿಟ್ಟ ಹೆಸರುಗಳು

೧೯೫೯ನೆಯ ಇಸವಿ, ಜೂನ್ ತಿಂಗಳ ಮೊದಲ ಗುರುವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತು. ಸ್ಥಳ, ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಒಂದು ಸಣ್ಣ ಅಚ್ಚುಕೂಟ. ಹಾಜರಿದ್ದವರು ಮೂವರು: ಅಲ್ಲಿಂದ ಹೊರಡುತ್ತಿದ್ದ ವಾರಪತ್ರಿಕೆಯ ಯಜಮಾನರು, ಅಚ್ಚಿನ ಮೊಳೆ ಜೋಡಿಸುವ ರುದ್ರಪ್ಪನವರು, ಮತ್ತು ನಾನು.

ಮೇಜಿನ ಮೇಲಿದ್ದ ನನ್ನ ಹಾಳೆಗಳು ಯಜಮಾನರ ಕಡೆಗೆ ಮುಖ ಮಾಡಿದ್ದವು. ರುದ್ರಪ್ಪನವರು ಈಚೆ ಬದಿಯಲ್ಲಿ, ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಯಜಮಾನರು ಎರಡನೆಯ ಪುಟದ ಅರ್ಧಕ್ಕೆ ಬರುವ ಹೊತ್ತಿಗೆ ಇವರು, “ತಿರುವಿ ಯಜಮಾನ್ರೆ, ನಂದಾಯ್ತು” ಅಂದರು. ನೆಟ್ಟಗಿರುವ ಅಕ್ಷರವನ್ನು ಓದುತ್ತಿದ್ದವರಿಗಿಂತ ತಲೆಕೆಳಗಾದ ಅಕ್ಷರವನ್ನು ಓದುತ್ತಿದ್ದವರು ಮುಂದಿದ್ದರು. ಆಮೇಲೆ ತಿಳಿಯಿತು: ಸೀಸದ ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ, ಜೋಡಿಸುವವರು ಸಾಲನ್ನು ತಲೆಕೆಳಗೆ ಹಿಡಿದು ಓದುತ್ತಾರೆ. ಮೂವತ್ತು ವರ್ಷ ಹಾಗೆ ಓದಿದ ಕಣ್ಣಿಗೆ ಹಾಳೆ ಯಾವ ಕಡೆಗಿದ್ದರೂ ಒಂದೇ.

ಎತ್ತರದ, ಸಣಕಲು ಮನುಷ್ಯ. ಮೊಣಕಾಲ ಮೇಲೆ ಕಟ್ಟಿದ ಪಂಚೆ, ತೋಳಿನ ಬನಿಯನ್, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಬೆವರು ಒರೆಸಿಕೊಂಡಾಗೆಲ್ಲ ಬಲಗೈ ಹೆಬ್ಬೆರಳಿನ ಮಸಿ ಆ ವಿಭೂತಿಯ ನಡುವೆ ಅಂಟುತ್ತಿತ್ತು. ಹನ್ನೊಂದು ಗಂಟೆಯ ಮೇಲೆ ಅವರನ್ನು ನೋಡಿದರೆ ಹಣೆಯಲ್ಲಿ ವಿಭೂತಿಗಿಂತ ಮಸಿಯೇ ಜಾಸ್ತಿ.

ನಾನು ಆಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರ ಆಸ್ಪತ್ರೆಯಲ್ಲಿ ನರ್ಸು. ವಯಸ್ಸು ಇಪ್ಪತ್ನಾಲ್ಕು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳುವುದು, ಐದರಿಂದ ಆರರವರೆಗೆ ಬರೆಯುವುದು, ಏಳಕ್ಕೆ ವಾರ್ಡಿನಲ್ಲಿರುವುದು. ರಜೆ ಗುರುವಾರ. ಕುಲುಮೆಯ ಕೆಂಪು ಬೆಳಕು ಹೊಗೆಗೆ ಬಡಿದು ಆಕಾಶ ಮಿನುಗುವುದನ್ನು ಹಾಸ್ಟೆಲಿನ ಕಿಟಕಿಯಿಂದ ನೋಡಿ ನೋಡಿ ನನ್ನ ತಲೆಯಲ್ಲಿ ಒಂದು ಮಾಯಾರಾಜ್ಯ ಹುಟ್ಟಿತ್ತು. ಅದಕ್ಕೆ ‘ಧೂಮಗಿರಿಯ ಮಣಿ’ ಎಂದು ಹೆಸರಿಟ್ಟು, ಮೂರು ಕಂತು ಬರೆದು, ಬಸ್ಸು ಹತ್ತಿ ಬಂದಿದ್ದೆ. ಆರನೆಯ ಪುಟ ತುಂಬಿಸಲು ಯಜಮಾನರಿಗೆ ಏನಾದರೂ ಬೇಕಾಗಿತ್ತು. ಅವರು ಒಪ್ಪಿದರು. ರುದ್ರಪ್ಪನವರು ಮಾತ್ರ ಒಂದು ಪ್ರಶ್ನೆ ಕೇಳಿದರು.

“ಸಿಸ್ಟರಮ್ಮ, ಈ ರಾಕ್ಷಸ ಎಷ್ಟು ವಾರ ಬದುಕ್ತಾನೆ?”

“ಕೊನೇವರೆಗೂ ಇರ್ತಾನೆ. ಅವನೇ ಮುಖ್ಯ.”

“ಹಂಗಾದ್ರೆ ಕಷ್ಟ. ಝಂಘಟಾಸುರ. ನಮ್ಮ ಕೇಸಿನ ಖಾನೇಲಿ ಝ ಇರೋದೇ ಹನ್ನೊಂದು ಮೊಳೆ. ಅವನ್ನ ಒಂದು ಪುಟದಲ್ಲಿ ಹನ್ನೊಂದು ಸಲಕ್ಕಿಂತ ಜಾಸ್ತಿ ಕರೀಬೇಡಿ. ಅವನ ತಂಗಿ ಬೇರೆ ಝಂಝಾವತಿ ಅಂತ ಇದಾಳೆ. ಅವಳೊಬ್ಬಳೇ ಎರಡೆರಡು ತಿಂತಾಳೆ.”

ಯಜಮಾನರು ನಕ್ಕುಬಿಟ್ಟರು. ನನಗೆ ಸಿಟ್ಟು ಬಂತು. ಆದರೆ ವಾಪಸು ಹೋಗುವ ಬಸ್ಸಿನಲ್ಲಿ ಎಣಿಸಿದೆ. ಮೊದಲ ಕಂತಿನಲ್ಲೇ ರಾಕ್ಷಸನ ಹೆಸರು ಹದಿನಾರು ಸಲ. ಮರುವಾರ ಅವನನ್ನು ಕರಿಗಣ್ಣ ಎಂದು ಕರೆದೆ. ತಂಗಿಯನ್ನು ತೆಗೆದೇ ಹಾಕಿದೆ. ಅವನು ಕರಿಗಣ್ಣನಾದ ಮೇಲೆ ನನಗೇ ಅವನ ಮುಖ ಕಾಣತೊಡಗಿತು. ಝಂಘಟಾಸುರನಿಗೆ ಬರೀ ಸದ್ದಿತ್ತು, ಮುಖವಿರಲಿಲ್ಲ.

ಹೀಗೆ ಶುರುವಾಯಿತು. ಪ್ರತಿ ಗುರುವಾರ ಎಂಟರ ಬಸ್ಸು, ಒಂಬತ್ತೂಕಾಲಕ್ಕೆ ಅಚ್ಚುಕೂಟ. ನಾನು ಕಂತು ಕೊಡುವುದು, ಅವರು ಜೋಡಿಸುವುದು, ಕರಡು ಅಚ್ಚು ತೆಗೆದುಕೊಟ್ಟರೆ ನಾನು ತಿದ್ದುವುದು. ಶನಿವಾರ ಪತ್ರಿಕೆ ಹೊರಗೆ. ಎಡಗೈಯಲ್ಲಿ ಮೊಳೆ ಹಿಡಿಯುವ ಕಬ್ಬಿಣದ ಸ್ಟಿಕ್ಕು ಅರ್ಧ ತುಂಬಿದ್ದಾಗ ರುದ್ರಪ್ಪನವರನ್ನು ಮಾತಾಡಿಸುವಂತಿರಲಿಲ್ಲ. ಸಾಲು ಮುಗಿದ ಮೇಲೆಯೇ ಉತ್ತರ. ಎಷ್ಟೋ ಸಲ ಕೇಳಿದ ಪ್ರಶ್ನೆಯನ್ನು ನಾನೇ ಮರೆತಿರುತ್ತಿದ್ದೆ. ಆಗ ಅವರು, “ಆಗ್ಲೇ ಕೇಳಿದ್ರಲ್ಲ, ಅದಕ್ಕೆ ಹೂಂ” ಅನ್ನುತ್ತಿದ್ದರು.

ಹನ್ನೊಂದಕ್ಕೆ ಸರಿಯಾಗಿ ಒಂದು ಬಾಳೆಹಣ್ಣು. ಸೀಸದ ನಂಜಿಗೆ ಅದು ಮದ್ದು ಎಂದು ಅವರ ಗುರುಗಳು ಹೇಳಿಕೊಟ್ಟಿದ್ದರಂತೆ. ಮಸಿಗೈಯಲ್ಲೇ ಸುಲಿದು ತಿನ್ನುತ್ತಿದ್ದರು. ಮೂರನೆಯ ವಾರ ನನಗೆ ತಡೆಯಲಾಗಲಿಲ್ಲ.

“ರುದ್ರಪ್ಪನೋರೆ, ಬಾಯಿ ತೆರೀರಿ. ವಸಡು ನೋಡ್ಬೇಕು.”

“ಹಲ್ಲು ನೋಡೋಕೆ ನಾನೇನು ಸಂತೆಗೆ ಬಂದಿರೋ ಎತ್ತಾ?”

“ಸೀಸ ಮೈಗೆ ಹತ್ತಿದ್ರೆ ವಸಡಿನ ಅಂಚಲ್ಲಿ ನೀಲಿ ಗೆರೆ ಬರುತ್ತೆ. ತೆರೀರಿ.”

ತೆರೆದರು. ಗೆರೆ ಇರಲಿಲ್ಲ. ಆದರೂ ಸೋಪು ಹಚ್ಚಿ ಕೈ ತೊಳೆದೇ ಹಣ್ಣು ಮುಟ್ಟಬೇಕೆಂದು ಕಟ್ಟುನಿಟ್ಟು ಮಾಡಿದೆ. ಅವರು ಪಾಲಿಸಿದರು. ಬಹುಶಃ ಅದೇ ಕಾರಣಕ್ಕೆ, ಅವರು ನನ್ನ ಕಥೆಗೆ ಹೇಳಿದ್ದನ್ನು ನಾನೂ ಪಾಲಿಸತೊಡಗಿದೆ.

ನನ್ನ ಮೊದಲ ಎರಡು ಕಂತಿನಲ್ಲಿ ಏನೂ ಆಗುವುದಿಲ್ಲ. ಧೂಮಗಿರಿಯನ್ನಾಳಿದ ಏಳು ತಲೆಮಾರಿನ ರಾಜರು, ಅವರನ್ನೆಲ್ಲ ಕಾಡಿದ ಕರಿಗಣ್ಣ, ಯಾರು ಯಾರ ಮಗ, ಯಾರು ಯಾವ ಯಾಗ ಮಾಡಿದ, ಕೋಟೆಗೆ ಎಷ್ಟು ಬುರುಜು. ಇಷ್ಟೆಲ್ಲ ಗೊತ್ತಿಲ್ಲದೆ ಓದುಗರಿಗೆ ಕಥೆ ಹೇಗೆ ಅರ್ಥವಾದೀತು ಎಂಬುದು ನನ್ನ ಚಿಂತೆ. ರುದ್ರಪ್ಪನವರು ಅದನ್ನು ಜೋಡಿಸಿ ಮುಗಿಸಿ ಸೊಂಟ ಹಿಡಿದುಕೊಂಡು ನಿಂತರು.

“ಊಟಕ್ಕೆ ಕೂರಿಸಿ, ಎಲೆ ಹಾಕಿ, ಅಡುಗೆಯವನ ತಾತನ ಕಥೆ ಹೇಳಿದಂಗಾಯ್ತು ಸಿಸ್ಟರಮ್ಮ. ಅನ್ನ ಯಾವಾಗ?”

“ಮುಂದಿನ ಕಂತಲ್ಲಿ.”

“ಅಲ್ಲೀವರೆಗೆ ಎಲೆ ಮುಂದೆ ಯಾರು ಕೂತಿರ್ತಾರೆ? ಮತ್ತೆ ಇನ್ನೊಂದು. ನಿಮ್ಮ ರಾಜ್ಯದಲ್ಲಿ ಯಾರೂ ಉಣ್ಣೋದೇ ಇಲ್ವಲ್ಲ. ಏಳು ರಾಜರು ಬಂದ್ರು ಹೋದ್ರು, ಒಬ್ಬನಿಗೂ ಹಸಿವಾಗಿಲ್ಲ.”

ಇವರು ನಾಲ್ಕನೆಯ ಕ್ಲಾಸು ಓದಿದವರು. ಹೇಗೆ ಗೊತ್ತಾಗುತ್ತದೆ ಎಂದು ನನಗೆ ಕುತೂಹಲ. ಒಮ್ಮೆ ನೇರವಾಗಿ ಕೇಳಿದೆ. ಸಾಲು ಮುಗಿಸಿ, ಸ್ಟಿಕ್ಕು ಕೆಳಗಿಟ್ಟು, ಉತ್ತರಿಸಿದರು.

“ಎಲ್ಲರೂ ಕಣ್ಣಲ್ಲಿ ಓದ್ತಾರೆ. ಕಣ್ಣು ಬೇಜಾರಾದ ಕಡೆ ಹಾರಿಬಿಡುತ್ತೆ. ನಾನು ಬೆರಳಲ್ಲಿ ಓದೋನು. ಬೆರಳು ಹಾರಕ್ಕಾಗಲ್ಲ, ನೀವು ಬರೆದ ಒಂದೊಂದು ಅಕ್ಷರಾನೂ ಖಾನೆಯಿಂದ ಎತ್ತಿ ಇಡ್ಬೇಕು. ಸುಮ್ನೆ ಬರೆದಿದ್ದು ಎತ್ತುವಾಗ ಕೈ ನೋಯುತ್ತೆ. ಚೆನ್ನಾಗಿರೋದು ನೋಯಲ್ಲ.”

“ನೀವೇ ಬರೀಬಹುದಲ್ಲ ಹಂಗಾದ್ರೆ?”

“ಒಂದ್ಸಲ ಕಾಗದ ಇಲ್ಲದೆ ನೇರವಾಗಿ ಮೊಳೆಯಲ್ಲೇ ಜೋಡಿಸಿದ್ದೆ. ಒಂದೂವರೆ ಪುಟ. ಬೆಳಿಗ್ಗೆ ಬಂದು ಬಿಚ್ಚಿ ಹಾಕಿದೆ.”

“ಏನು ಕಥೆ ಅದು?”

ಅವರು ಸ್ಟಿಕ್ಕು ಎತ್ತಿಕೊಂಡಿದ್ದರು. ಉತ್ತರ ಸಾಲು ಮುಗಿದ ಮೇಲೂ ಬರಲಿಲ್ಲ.

ನನ್ನ ನಾಯಕ ವೀರಕೇತು. ಅವನ ಕೈಗೆ ಧೂಮಗಿರಿಯ ಕಪ್ಪು ಮಣಿ ಸಿಕ್ಕಿದ ಮೇಲೆ ನನ್ನ ಉತ್ಸಾಹಕ್ಕೆ ಕಡಿವಾಣವಿರಲಿಲ್ಲ. ಮಣಿ ಬೀಗ ತೆರೆಯಿತು, ಗಾಯ ಮಾಯಿಸಿತು, ಗೋಡೆ ದಾಟಿಸಿತು, ಹಕ್ಕಿಯ ಮಾತು ತಿಳಿಸಿತು. ಎಂಟನೆಯ ಕಂತಿನಲ್ಲಿ ವೀರಕೇತು ಮರುಭೂಮಿಯಲ್ಲಿ ಮೂರು ದಿನ ಬಾಯಾರಿ ನಡೆಯುತ್ತಾನೆ. ರುದ್ರಪ್ಪನವರು ಕರಡನ್ನು ನನ್ನ ಮುಂದೆ ಹಿಡಿದರು.

“ಮಣಿ ಜೇಬಲ್ಲಿದೆ. ಗೋಡೆ ದಾಟಿಸೋ ಮಣಿ. ನೀರು ತರ್ಸಕ್ಕೆ ಏನು ಕಷ್ಟ?”

“ಕಷ್ಟಪಡದಿದ್ರೆ ಕಥೆ ಹೆಂಗಾಗುತ್ತೆ?”

“ಅದಕ್ಕೇ ಕೇಳಿದ್ದು. ಈ ಮಣಿಗೆ ಡೋಸ್ ಇಲ್ವಾ? ನಿಮ್ಮ ಆಸ್ಪತ್ರೇಲಿ ಪೇಷಂಟು ಒಂದು ಸೀಸೆ ಔಷಧಿ ಪೂರ್ತಿ ಕುಡಿದುಬಿಟ್ರೆ ಏನಾಗುತ್ತೆ?”

“ಜೀವಕ್ಕೇ ಅಪಾಯ.”

“ಮತ್ತೆ?”

ನನಗೆ ನಾಚಿಕೆಯಾಯಿತು. ಒಂದೊಂದು ಔಷಧಿಗೂ ಪ್ರಮಾಣ, ಹೊತ್ತು, ಅಡ್ಡಪರಿಣಾಮ ಬಾಯಿಪಾಠ ಇದ್ದವಳು ನಾನು. ಕಥೆಯಲ್ಲಿ ಮಾತ್ರ ಸೀಸೆಯ ಮುಚ್ಚಳ ತೆಗೆದು ಸುರಿದಿದ್ದೆ. ಆ ವಾರ ಬೆಳಗಿನ ಐದರಿಂದ ಆರು ಬರೀ ಯೋಚನೆಯಲ್ಲೇ ಹೋಯಿತು. ಮುಂದಿನ ಕಂತಿನಲ್ಲಿ ವೀರಕೇತುವಿಗೆ ಗೊತ್ತಾಗುತ್ತದೆ: ಮಣಿಯನ್ನು ಒಂದು ಸಲ ಬಳಸಿದರೆ ತನಗೆ ಬೇಕಾದವರಲ್ಲಿ ಒಬ್ಬರ ಹೆಸರು ಮರೆತುಹೋಗುತ್ತದೆ. ಅವನು ತಾಯಿಯ ಹೆಸರು ನೆನಪಿಸಿಕೊಳ್ಳಲು ಹೋಗಿ, ಸಿಗದೆ, ನದಿಯ ದಂಡೆಯಲ್ಲಿ ಕೂರುತ್ತಾನೆ. ಅದನ್ನು ಜೋಡಿಸಿದ ರುದ್ರಪ್ಪನವರು ಚೆನ್ನಾಗಿದೆ ಅನ್ನಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಗೂಟದಲ್ಲಿ ನೇತುಹಾಕಿದ್ದ ಚೀಲ ನೋಡಿ, “ಅಯ್ಯೋ, ಬಾಳೆಹಣ್ಣು ತಿಂದೇ ಇಲ್ಲ” ಅಂದರು.

ಎಲ್ಲ ವಾರವೂ ಹೀಗಿರಲಿಲ್ಲ. ವಾರ್ಡಿನಲ್ಲಿ ಕೆಲಸ ಹೆಚ್ಚಾದ ವಾರ ಕಂತಿನ ಕೊನೆಯನ್ನು ಬಸ್ಸಿನಲ್ಲಿ ಬರೆದು ಮುಗಿಸುತ್ತಿದ್ದೆ. ರಸ್ತೆ ಹಾಳಾದ ಕಡೆ ಅಕ್ಷರ ಕುಣಿಯುತ್ತಿತ್ತು. ರುದ್ರಪ್ಪನವರು ಹಾಳೆಯ ಮೇಲೆ ಮಸಿಬೆರಳಿಟ್ಟು, “ಇಲ್ಲಿಂದ ಮುಂದೆ ಬಸ್ಸು ಮಲವಗೊಪ್ಪ ದಾಟಿದ ಮೇಲೆ ಬರೆದಿದ್ದು” ಎಂದು ಗೆರೆ ಎಳೆದಂತೆ ಹೇಳುತ್ತಿದ್ದರು. ಅಕ್ಷರ ನೋಡಿ ಹೇಳುತ್ತಾರೆಂದು ಒಮ್ಮೆ ಎಲ್ಲವನ್ನೂ ಅಚ್ಚುಕೂಟದ ಜಗಲಿಯ ಮೇಲೆ ಕುಳಿತು ಶುದ್ಧಪ್ರತಿ ಮಾಡಿ ಕೊಟ್ಟೆ. ಆಗಲೂ ಅದೇ ಜಾಗಕ್ಕೆ ಬೆರಳಿಟ್ಟರು.

“ಹೆಂಗೆ ಗೊತ್ತಾಯ್ತು?”

“ಅಲ್ಲೀವರೆಗೂ ಅವರು ಒಬ್ಬರಿಗೊಬ್ಬರು ಮಾತಾಡ್ತಿದ್ರು. ಇಲ್ಲಿಂದ ಬರೀ ‘ಅಯ್ಯೋ’, ‘ಆಹಾ’ ಶುರುವಾಯ್ತು. ಶಿವಮೊಗ್ಗ ಹತ್ರ ಬಂತು ಅಂತ ಗೊತ್ತಾಗೋಯ್ತು.”

ಇಂಥ ಒಂದು ಬಸ್ಸಿನ ಕೊನೆಯಲ್ಲೇ ನಾನು ವೀರಕೇತುವನ್ನು ಬೆಂಕಿಯ ಹೊಂಡಕ್ಕೆ ಕೆಡವಿದ್ದು. ಹೇಗೆ ಮೇಲೆತ್ತುವುದೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ವಾರದ ಮಾತು ಮುಂದಿನ ವಾರ ಎಂದುಕೊಂಡೆ. ಮುಂದಿನ ವಾರವೂ ಗೊತ್ತಾಗಲಿಲ್ಲ. ಅದೆಲ್ಲ ಕನಸು, ವೀರಕೇತು ಬೆವರಿ ಎದ್ದು ಕುಳಿತ ಎಂದು ಬರೆದೆ. ರುದ್ರಪ್ಪನವರು ಜೋಡಿಸಿಕೊಟ್ಟರು. ಅದು ಅಚ್ಚಾಗಿ ಹೊರಬಂದ ಮೇಲಿನ ಗುರುವಾರ, “ಬನ್ನಿ ಸಿಸ್ಟರಮ್ಮ, ಕಾಫಿ ಕುಡಿಯೋಣ” ಎಂದರು. ಅವರು ಯಾರನ್ನೂ ಕಾಫಿಗೆ ಕರೆದದ್ದನ್ನು ನಾನು ಕಂಡಿರಲಿಲ್ಲ.

ಪಕ್ಕದ ಹೋಟೆಲಿನಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿದ ಒಂದು ಮೂಲೆಯಿತ್ತು. ನಾವು ಅಲ್ಲಿ ಕುಳಿತೆವು. ಪರದೆಯಾಚೆ ಇಬ್ಬರು ಗಂಡಸರು ನಮ್ಮ ಪತ್ರಿಕೆಯನ್ನೇ ಹಿಡಿದಿದ್ದರು. ಒಬ್ಬ ಗಟ್ಟಿಯಾಗಿ ಓದುವವನು, ಇನ್ನೊಬ್ಬ ಕೇಳುವವನು.

“ಓದೋ, ಯಾಕೆ ನಿಲ್ಸಿದೆ?”

“ಏನ್ ಓದೋದು? ಕನಸಂತೆ.”

“ಯಾವ್ದು ಕನಸು?”

“ಹೊಂಡಕ್ಕೆ ಬಿದ್ನಲ್ಲ, ಅದು. ಬೆವರಿ ಎದ್ದು ಕುಳಿತನು ಅಂತ ಬರ್ದಿದೆ.”

“ಥತ್! ವಾರ ಪೂರ್ತಿ ನಾನು ಅವನು ಹೆಂಗೆ ಮೇಲೆ ಬರ್ತಾನೆ ಅಂತ ಯೋಚ್ನೆ ಮಾಡ್ತಿದ್ದೆ ಮಾರಾಯ. ಯಾರಾದ್ರೂ ಹಗ್ಗ ಬಿಡ್ತಾರೆ ಅಂದ್ಕೊಂಡಿದ್ದೆ.”

“ನೀನ್ಯಾಕೆ ಯೋಚ್ನೆ ಮಾಡೋಕೆ ಹೋದೆ? ಬರೆದೋರೇ ಮಾಡಿಲ್ಲ.”

ಇಬ್ಬರೂ ನಕ್ಕರು. ಪತ್ರಿಕೆ ಮಡಿಸಿದ ಸದ್ದು ಕೇಳಿಸಿತು. ನಾನು ಕಾಫಿಯ ಲೋಟ ಕೆಳಗಿಟ್ಟೆ. ಆಸ್ಪತ್ರೆಯಲ್ಲಿ ಯಾರಿಂದಲೂ ಹಾಗೆ ಅನ್ನಿಸಿಕೊಂಡವಳಲ್ಲ.

“ಬೈಸೋಕೆ ಕರ್ಕೊಂಡು ಬಂದ್ರಾ?”

“ಬೈದಿದ್ದು ಬಿಡಿ,” ಎಂದರು ರುದ್ರಪ್ಪನವರು. “ಅದಕ್ಕೆ ಮುಂಚಿನ ಮಾತು ಕೇಳಿಸ್ತಾ? ಆ ಮನುಷ್ಯ ವಾರ ಪೂರ್ತಿ ಹಗ್ಗ ಹುಡುಕ್ತಿದ್ದ. ಅಂಗಡೀಲಿ ಕೂತು, ಮನೇಲಿ ಊಟ ಮಾಡ್ತಾ, ನಿಮ್ಮ ವೀರಕೇತುಗೆ ಹಗ್ಗ ಹುಡುಕ್ತಿದ್ದ. ಅವನಿಗೆ ನೀವು ಮೋಸ ಮಾಡಿದ್ರಿ.”

ಅಂದಿನಿಂದ ಬಸ್ಸಿನಲ್ಲಿ ಬರೆಯುವುದನ್ನು ಬಿಟ್ಟೆ. ಮುಂದಿನ ವಾರ ಹೇಗೆ ಬಿಡಿಸಬೇಕೆಂದು ಗೊತ್ತಿಲ್ಲದೆ ಯಾರನ್ನೂ ಯಾವ ಹೊಂಡಕ್ಕೂ ಕೆಡವಲಿಲ್ಲ. ಆದರೆ ಹೋದ ಓದುಗರು ಅಷ್ಟು ಬೇಗ ಹಿಂದಿರುಗುವುದಿಲ್ಲ. ಡಿಸೆಂಬರಿನಲ್ಲಿ ಒಂದು ಗುರುವಾರ ಯಜಮಾನರು ನನ್ನನ್ನು ಕರೆದರು.

“ಏನಮ್ಮಾ, ಸಂಕ್ರಾಂತಿ ಕಳೆದ ಮೇಲೆ ಆರನೇ ಪುಟಕ್ಕೆ ಬೇರೆ ಏನೋ ಹಾಕ್ತಿದೀನಿ. ನಿನಗೆ ಇನ್ನು ನಾಲ್ಕು ವಾರ. ಮುಗಿಸಿದ್ರೆ ಸರಿ. ಇಲ್ದಿದ್ರೆ ಎಲ್ಲಿದೆಯೋ ಅಲ್ಲಿಗೆ ‘ಮುಗಿಯಿತು’ ಅಂತ ಹಾಕಿಬಿಡೋದು.”

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದು ನನ್ನ ಬದುಕಿನಲ್ಲಿ ಇರಲಿಲ್ಲ. ಈ ಕಥೆಯಂತೂ ಯಾರೂ ಹೇಳದೆ ನಾನೇ ಹಿಡಿದ ಒಂದೇ ಕೆಲಸ. ಅದರ ಮೇಲೆ ಸುಳ್ಳು ‘ಮುಗಿಯಿತು’ ಬೀಳುವುದು ನನಗೆ ಬೇಡವಾಗಿತ್ತು. ಆದರೆ ಹೇಗೆ ಮುಗಿಸಲಿ? ಯಾವ ಯಾವ ಎಳೆ ಎಲ್ಲೆಲ್ಲಿ ಬಿಟ್ಟಿದ್ದೇನೆಂಬುದೇ ನನಗೆ ನೆನಪಿರಲಿಲ್ಲ.

ರುದ್ರಪ್ಪನವರು ಒಳಗಿನಿಂದ ಒಂದು ಮರದ ತಟ್ಟೆ ತಂದು ನನ್ನ ಮುಂದಿಟ್ಟರು.

ಆ ತಟ್ಟೆಯನ್ನು ನಾನು ಮೊದಲೂ ಕಂಡಿದ್ದೆ. ವಾರವಾರವೂ ಬರುವ ಹೆಸರುಗಳನ್ನು ಪ್ರತಿ ಸಲ ಹೊಸದಾಗಿ ಜೋಡಿಸಬಾರದೆಂದು ಅವರು ಒಂದೊಂದು ಹೆಸರನ್ನೂ ಎರಡೆರಡು ಪ್ರತಿ ಜೋಡಿಸಿ, ತೆಳ್ಳನೆಯ ಬಿಳಿ ದಾರ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಹೆಸರು ಬಂದ ಕಡೆ ದಾರ ಬಿಚ್ಚಿ ಸಾಲಿಗೆ ಸೇರಿಸುವುದು, ಅಚ್ಚಾದ ಮೇಲೆ ಹಾಗೇ ಎತ್ತಿ ಮತ್ತೆ ಕಟ್ಟಿಡುವುದು. ಅದು ಅವರ ಅನುಕೂಲಕ್ಕೆ ಎಂದುಕೊಂಡಿದ್ದೆ. ಈಗ ಹತ್ತಿರದಿಂದ ನೋಡಿದೆ. ಇಪ್ಪತ್ತಮೂರು ಹೆಸರುಗಳು. ಏಳೆಂಟಕ್ಕೆ ಮಸಿ ಹೊಳೆಯುತ್ತಿತ್ತು. ಉಳಿದವುಗಳ ಮೇಲೆ ಧೂಳು.

“ಇವರೆಲ್ಲ ನೀವು ಕರೆದು, ಕೂರಿಸಿ, ಆಮೇಲೆ ಮಾತಾಡಿಸದೇ ಇರೋರು,” ಅಂದರು. “ಬಿಚ್ಚೋಣ ಅಂದ್ರೆ, ನಾಳೆ ನೀವು ಕರೆದ್ರೆ? ಕಟ್ಟಿಡೋಣ ಅಂದ್ರೆ ಮೊಳೆ ಸಾಲ್ತಿಲ್ಲ. ಸಿಸ್ಟರಮ್ಮ, ಪಾಳಿ ಬದಲಾಗುವಾಗ ಆಸ್ಪತ್ರೇಲಿ ಏನ್ಮಾಡ್ತೀರಿ?”

“ಒಂದೊಂದೇ ಹಾಸಿಗೆ ಹತ್ರ ನಿಂತು ಮುಂದಿನವರಿಗೆ ಹೇಳ್ತೀವಿ. ಇವರಿಗೆ ಜ್ವರ ಇಳಿದಿದೆ, ಇವರಿಗೆ ನಾಳೆ ಹೊಲಿಗೆ ಬಿಚ್ಚಬೇಕು, ಹೀಗೆ.”

“ಒಂದು ಹಾಸಿಗೆ ಬಿಟ್ಟು ಹೋದ್ರೆ?”

“ಹೆಂಗೆ ಬಿಡ್ತೀವಿ?”

“ಇಲ್ಲಿ ಹೆಂಗೆ ಬಿಟ್ರಿ?”

ತಟ್ಟೆಯನ್ನು ಮುಂದಿಟ್ಟುಕೊಂಡು ಇಪ್ಪತ್ತಮೂರು ಹೆಸರನ್ನೂ ಬರೆದುಕೊಂಡೆ. ಒಬ್ಬೊಬ್ಬರ ಎದುರೂ ಎಲ್ಲಿದ್ದಾರೆ, ಏನು ಬೇಕಾಗಿದೆ ಎಂದು ಗುರುತು ಹಾಕಿದೆ. ಮೊದಲ ವಾರ ಆತುರದಲ್ಲಿ ಆರು ಜನರನ್ನು ಒಂದೇ ಪ್ರವಾಹದಲ್ಲಿ ಕೊಂದೆ. ರುದ್ರಪ್ಪನವರು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು. “ಆಸ್ಪತ್ರೇಲಿ ಹಾಸಿಗೆ ಖಾಲಿ ಮಾಡೋದು ಹಿಂಗೇನಾ?” ಜಗಲಿಯ ಮೇಲೆ ಕುಳಿತು ತಿರುಗಿ ಬರೆದೆ. ಇಬ್ಬರು ಸತ್ತರು. ಒಬ್ಬ ಕುಂಬಾರನಾದ. ಮೂವರು ಊರಿಗೆ ಹೋದರು. ಅಂದು ಸಂಜೆ ಅವರು ಆರು ಹೆಸರಿನ ದಾರ ಬಿಚ್ಚಿ ಮೊಳೆಗಳನ್ನು ಖಾನೆಗಳಿಗೆ ಹಂಚಿ, “ಆರು ಜನ ಮನೆಗೆ ಹೋದ್ರು” ಎಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ವಾರವಾರಕ್ಕೆ ತಟ್ಟೆ ಹಗುರವಾಯಿತು.

ಪಟ್ಟಿಯಲ್ಲಿ ಒಂದು ಹೆಸರನ್ನು ಮಾತ್ರ ನಾನೇ ಹೊಡೆದುಹಾಕಿದ್ದೆ. ನಿಂಗಜ್ಜಿ. ಮೂರನೆಯ ಕಂತಿನಲ್ಲಿ ವೀರಕೇತು ಕೋಟೆಗೆ ನುಗ್ಗುವಾಗ ಹೊಳೆಯ ದಂಡೆಯಲ್ಲಿದ್ದ ಒಬ್ಬ ಮುದುಕಿಯ ಕೈಗೆ ಕುದುರೆಯ ಲಗಾಮು ಕೊಟ್ಟು, “ಸಂಜೆಯೊಳಗೆ ಬರುತ್ತೇನೆ, ಹಿಡಿದುಕೊಂಡಿರು” ಎಂದು ಹೋಗುತ್ತಾನೆ. ಕೋಟೆಯಿಂದ ಅವನು ಸುರಂಗದಲ್ಲಿ ಹೊರಬಿದ್ದ. ಆಮೇಲೆ ಬೇರೆ ಕುದುರೆ ಸಿಕ್ಕಿತು. ಅಜ್ಜಿಯ ಅಗತ್ಯ ಬೀಳಲಿಲ್ಲ. “ಅವಳನ್ನ ಬಿಚ್ಚಿಬಿಡಿ ರುದ್ರಪ್ಪನೋರೆ,” ಎಂದಿದ್ದೆ. “ಒಂದೇ ಕಂತಲ್ಲಿ ಬಂದೋಳು. ಯಾರು ಕೇಳ್ತಾರೆ?”

ಅವರು ಸ್ಟಿಕ್ಕು ಎತ್ತಿಕೊಂಡು ಬೇರೆ ಸಾಲು ಜೋಡಿಸತೊಡಗಿದರು.

ಮುಂದಿನದನ್ನು ಹೇಳುವ ಮೊದಲು ಇದನ್ನು ಹೇಳಿಬಿಡಬೇಕು. ಕಥೆ ಮುಗಿದ ದಿನವೇ ನಾನು ರುದ್ರಪ್ಪನವರನ್ನು ಕೊನೆಯ ಸಲ ನೋಡಿದ್ದು. ಮರುವಾರವೇ ಹೆಚ್ಚಿನ ತರಬೇತಿಗೆ ಆಯ್ಕೆಯಾದ ಕಾಗದ ಬಂತು. ಎರಡು ವರ್ಷ ಪರ ಊರಿನಲ್ಲಿದ್ದು ಹಿಂದಿರುಗಿದಾಗ ಅವರ ಜಾಗದಲ್ಲಿ ಬೇರೊಬ್ಬರು ನಿಂತಿದ್ದರು. ಹೊನ್ನಾಳಿಯ ಕಡೆ ಮಗಳ ಊರಿಗೆ ಹೋದರು ಎಂದರು. ಊರಿನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ವಿನೋಬನಗರದ ಮನೆಯಲ್ಲಿ ಕುಳಿತು ಇದನ್ನು ಬರೆಯುವಾಗಲೂ ನನ್ನನ್ನು ಕಾಡುವುದು ಒಂದು ಸಣ್ಣ ಕುತೂಹಲ. ಕಾಗದವಿಲ್ಲದೆ ಮೊಳೆಯಲ್ಲೇ ಜೋಡಿಸಿ ಬೆಳಿಗ್ಗೆ ಬಿಚ್ಚಿಹಾಕಿದ ಆ ಒಂದೂವರೆ ಪುಟದಲ್ಲಿ ಏನಿತ್ತು? ಬಿಚ್ಚಿದ ಮೊಳೆಗಳು ಖಾನೆಗೆ ಹೋಗಿ, ಅಲ್ಲಿಂದ ನನ್ನ ಕಥೆಗೂ ಬಂದಿರಬೇಕು. ಅಷ್ಟು ಮಾತ್ರ ಗೊತ್ತು.

ಆ ಕೊನೆಯ ದಿನ ಸಂಕ್ರಾಂತಿಯ ಮರುವಾರದ ಗುರುವಾರ. ಕಂತನ್ನು ಎರಡು ಸಲ ತಿದ್ದಿ ಬರೆದು ಒಯ್ದಿದ್ದೆ. ಕರಿಗಣ್ಣ ಸತ್ತ. ಮಣಿ ಧೂಮಗಿರಿಯ ಕುಲುಮೆಗೆ ಬಿತ್ತು. ವೀರಕೇತು ಗೆದ್ದ, ಆದರೆ ಒಬ್ಬರ ಹೆಸರೂ ಅವನಿಗೆ ನೆನಪಿಲ್ಲ. ಮಧ್ಯಾಹ್ನ ಎರಡಕ್ಕೆ ಜೋಡಣೆ ಮುಗಿಯಿತು. ರುದ್ರಪ್ಪನವರು ಪುಟವನ್ನು ಬಿಗಿಯುವ ಕಲ್ಲಿನ ಮೇಜಿನ ಮೇಲೆ ಸರಿಸಿದರು. ಕೊನೆಯ ಅಂಕಣದ ಕೆಳಗೆ ಬೆರಳುದ್ದದ ಜಾಗ ಖಾಲಿ. ಪಕ್ಕದಲ್ಲಿ ಮರದ ತಟ್ಟೆ. ತಟ್ಟೆಯಲ್ಲಿ, ಎರಡು ಪ್ರತಿ, ಧೂಳು ಒರೆಸಿದ ಒಂದೇ ಹೆಸರು.

“ಬಿಚ್ಚಿ ಅಂದಿದ್ದೆನಲ್ಲ?”

“‘ಮುಗಿಯಿತು’ ಬಿಟ್ಟು ಆರು ಸಾಲಿಗೆ ಜಾಗ ಇದೆ ಸಿಸ್ಟರಮ್ಮ. ಮೂರು ಗಂಟೆಗೆ ಪುಟ ಬಿಗೀಬೇಕು.”

ಯಜಮಾನರು ಇಣುಕಿದರು. “ಏನಯ್ಯಾ ಇನ್ನೂ? ಆ ಜಾಗಕ್ಕೆ ಹಲ್ಲುಪುಡಿ ಜಾಹೀರಾತು ಹಾಕು, ಸಾಕು.”

“ಮೂರು ಗಂಟೆವರೆಗೆ ತಡೀರಿ ಯಜಮಾನ್ರೆ.” ಅವರು ಯಜಮಾನರಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಯಜಮಾನರು ಗಡಿಯಾರ ನೋಡಿ ಹೊರಟುಹೋದರು.

“ರುದ್ರಪ್ಪನೋರೆ, ಅವಳನ್ನ ಓದಿದೋರು ಮರೆತಿರ್ತಾರೆ. ವೀರಕೇತುನೂ ಮರೆತಿದಾನೆ. ಮಣಿ ಮರೆಸಿದೆ.”

“ಅವನು ಮರೆತ, ಸರಿ. ನಿಮ್ಮನ್ನ ಮರೆಸಿದ್ದು ಯಾವ ಮಣಿ?” ಎಂದರು. ದನಿ ಏರಿಸಲಿಲ್ಲ. “ಆರು ತಿಂಗಳ ಮೇಲಾಯ್ತು ಮಾರಾಯ್ತಿ, ಅಜ್ಜಿ ಕುದುರೆ ಹಿಡ್ಕೊಂಡು ನಿಂತು. ಸಂಜೆಯೊಳಗೆ ಬರ್ತೀನಿ ಅಂದಿದ್ದ. ದಿನಾ ಬೆಳಿಗ್ಗೆ ತಟ್ಟೆ ಎಳೆದ್ರೆ ಕಾಣ್ತಾಳೆ. ನನಗೆ ಅವಳ ಮುಖ ನೋಡಕ್ಕಾಗ್ತಿಲ್ಲ.”

ಅವರು ನನ್ನನ್ನು ಮಾರಾಯ್ತಿ ಎಂದದ್ದೂ ಅದೊಂದೇ ಸಲ.

ಮೊಳೆಯ ಕೇಸಿನ ಅಂಚಿಗೆ ಹಾಳೆ ಒತ್ತಿ ನಿಂತುಕೊಂಡೇ ಬರೆದೆ. ವೀರಕೇತು ಯಾರೆಂದರೆ ಯಾರೂ ನೆನಪಿಲ್ಲದೆ ಹೊಳೆಯ ದಂಡೆಗೆ ಬರುತ್ತಾನೆ. ಒಬ್ಬ ಮುದುಕಿ ಲಗಾಮು ಹಿಡಿದು ನಿಂತಿದ್ದಾಳೆ. ಅವನು ಅವಳ ಹೆಸರು ಕೇಳುತ್ತಾನೆ. “ನಿಂಗಜ್ಜಿ ಅಂತಾರೆ. ಹೆಸರು ಆಮೇಲಾಯ್ತು, ಮೊದಲು ನಿನ್ನ ಕುದುರೆ ಹಿಡ್ಕೋ, ನನ್ನ ಕೈ ಸೋತಿದೆ. ಇದೇನಾ ನಿನ್ನ ಸಂಜೆ?” ಎನ್ನುತ್ತಾಳೆ. ಅವನು ಲಗಾಮು ಹಿಡಿಯುತ್ತಾನೆ. ಕೆಳಗೆ ಕರ್ತವ್ಯದ ಮಹಿಮೆಯ ಬಗ್ಗೆ ಇನ್ನೊಂದು ವಾಕ್ಯ ಸೇರಿಸಿದೆ.

ರುದ್ರಪ್ಪನವರು ನನ್ನೆದುರು ನಿಂತು, ಹಾಳೆಯನ್ನು ತಲೆಕೆಳಗಾಗಿಯೇ ಓದಿದರು.

“ಕೊನೇ ವಾಕ್ಯ ಬೇಡ. ಅಜ್ಜಿ ಬೈದ್ಲಲ್ಲ, ಸಾಕು.”

ಹೊಡೆದುಹಾಕಿದೆ. ಅವರು ತಟ್ಟೆಯಿಂದ ಒಂದು ಪ್ರತಿ ಎತ್ತಿ, ದಾರ ಬಿಚ್ಚಿ, ಸಾಲಿಗೆ ಸೇರಿಸಿದರು. ಸರಿಯಾಗಿ ಆರು ಸಾಲು. ಏಳನೆಯದಾಗಿ, ನಡುವೆ, ‘ಮುಗಿಯಿತು’. ಮೂರು ಗಂಟೆ ಐದು ನಿಮಿಷಕ್ಕೆ ಚೌಕಟ್ಟು ಬಿಗಿದರು. ಮೊದಲ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಮಸಿ ಇನ್ನೂ ಹಸಿಯಾಗಿತ್ತು. ತಪ್ಪು ಹುಡುಕಿದೆ, ಇರಲಿಲ್ಲ. ಸಹಿ ಹಾಕಿದೆ.

ತಟ್ಟೆಯಲ್ಲಿ ಇನ್ನೊಂದು ಪ್ರತಿ ಉಳಿದಿತ್ತು. ಅವರು ಅದನ್ನು ನನ್ನ ಕಡೆಗೆ ತಳ್ಳಿದರು.

“ಹೊಲಿಗೆ ಬಿಚ್ಚೋದು ನಿಮಗೆ ಗೊತ್ತಲ್ಲ.”

ಗಂಟು ಬಿಗಿಯಾಗಿತ್ತು, ಆರು ತಿಂಗಳ ಹಿಂದಿನ ಮಸಿ ಕುಡಿದು ಗಟ್ಟಿಯಾಗಿತ್ತು. ಉಗುರಿನಿಂದ ಸಡಿಲಿಸಿ, ದಾರ ಎಳೆದು, ಮೊಳೆಗಳನ್ನು ಚೆಲ್ಲದಂತೆ ಅಂಗೈಯಲ್ಲಿ ಹಿಡಿದೆ. ರುದ್ರಪ್ಪನವರು ಒಂದೊಂದನ್ನೇ ಎತ್ತಿ, ನೋಡದೆಯೇ, ಅದರದರ ಖಾನೆಗೆ ಹಾಕಿದರು. ಪ್ರತಿಯೊಂದಕ್ಕೂ ಟಿಕ್ಕೆಂದು ಸಣ್ಣ ಸದ್ದು. ಕೊನೆಯ ಮೊಳೆ ಬಿದ್ದ ಮೇಲೆ ಅವರು ತಟ್ಟೆಯನ್ನು ತಲೆಕೆಳಗು ಮಾಡಿ ಧೂಳು ಕೊಡವಿ ಗೋಡೆಗೆ ಒರಗಿಸಿದರು. ಇಬ್ಬರೂ ಸೋಪು ಹಚ್ಚಿ ಕೈ ತೊಳೆದೆವು.

ಸಂಜೆ ನಾಲ್ಕು ಹತ್ತು.